ಬೆಸುಗೆಯಿಲ್ಲದ ಓಲೆ

ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂನಲ್ಲಿ ಕ್ಯುರೇಟರ್ ನೀಲಿ ಕೈಗವಸು ತೊಟ್ಟು ನನ್ನ ಮುಂದೆ ತಂದಿಟ್ಟದ್ದು ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಚಿನ್ನದ ಓಲೆ. ತೆಳು ತಗಡನ್ನು ಬಗ್ಗಿಸಿ ಪುಟ್ಟ ಪೆಟ್ಟಿಗೆಯ ಆಕಾರ ಕೊಟ್ಟಿದ್ದರು. ಕಿವಿಯ ಹಾಲೆಯನ್ನು ಅದು ಸುತ್ತಿಕೊಂಡು ಕೂರುತ್ತದೆ. ಮುಖದ ತುಂಬ ರವೆ. ರವೆಯೆಂದರೆ ಚಿನ್ನದ ಗುಂಡು ಕಾಳುಗಳು, ಚಿರೋಟಿ ರವೆಯಷ್ಟು ಸಣ್ಣವು. ಅವನ್ನು ಸಾಲು ಹಿಡಿದು ತಗಡಿನ ಮೇಲೆ ಕೂರಿಸುವ ಕೆಲಸಕ್ಕೂ ನಮ್ಮ ಅಕ್ಕಸಾಲಿಗರ ಮನೆಗಳಲ್ಲಿ ರವೆ ಕೆಲಸವೆಂದೇ ಹೆಸರು.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಪ್ರತಿಯೊಂದು ಕಾಳೂ ತಗಡನ್ನು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟಿಕೊಂಡು ನಿಂತಿತ್ತು. ಬುಡದಲ್ಲಿ ಬೆಸುಗೆಯ ಸುಳಿವೇ ಇಲ್ಲ. ನಾನು ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನ ಒಂದು ಆಭರಣದಂಗಡಿಯ ಹಿಂದಿನ ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ಬೆಸುಗೆ ಹಾಕುವವಳು. ಬೆಸುಗೆ ಚಿನ್ನಕ್ಕಿಂತ ಬೇಗ ಕರಗುವ ಮಿಶ್ರಲೋಹ; ಅದು ಕರಗಿ, ಹರಿದು, ಎರಡು ತುಂಡುಗಳನ್ನು ಹಿಡಿದುಕೊಳ್ಳುತ್ತದೆ. ಹರಿದ ಕಡೆಯಲ್ಲೆಲ್ಲ ಕೆಸರನ್ನೂ ಬಿಡುತ್ತದೆ. ಇಲ್ಲಿ ಕೆಸರಿಲ್ಲ. "ಅಯ್ಯೋ ದೇವರೇ" ಎಂದೆ, ಕನ್ನಡದಲ್ಲೇ. ಕ್ಯುರೇಟರಿಗೆ ಅರ್ಥವಾಯಿತು ಅಂತ ಕಾಣುತ್ತದೆ, ನಕ್ಕಳು.

ಅದು ಎಟ್ರುಸ್ಕನ್ ಜನರದು ಎಂದಳು. ರೋಮ್ ಇನ್ನೂ ಗುಡಿಸಲುಗಳ ಊರಾಗಿದ್ದಾಗ ಇಟಲಿಯ ನಡುಭಾಗದಲ್ಲಿ ಪಟ್ಟಣ ಕಟ್ಟಿ ಬಾಳಿದವರು. ಕೊನೆಗೆ ಅದೇ ರೋಮ್ ಅವರನ್ನು ನುಂಗಿಕೊಂಡಿತು. ಅವರ ಬರಹವನ್ನು ಗಟ್ಟಿಯಾಗಿ ಓದಬಹುದಂತೆ, ಅರ್ಥ ಮಾತ್ರ ಪೂರ್ತಿ ಬಿಟ್ಟುಕೊಟ್ಟಿಲ್ಲ. ಬಲಿ ಕೊಟ್ಟ ಕುರಿಯ ಯಕೃತ್ತನ್ನು ನೋಡಿ ಮುಂದಾಗುವುದನ್ನು ಹೇಳುತ್ತಿದ್ದರು. ಸತ್ತವರಿಗೆ ಬಂಡೆ ಕೊರೆದು ಮನೆಯಂಥದೇ ಗೋರಿ ಮಾಡಿ, ಒಳಗೆ ಕಲ್ಲಿನ ಮಂಚ, ಕಲ್ಲಿನ ದಿಂಬು ಇಡುತ್ತಿದ್ದರು. ಹೆಂಗಸರು ಗಂಡಂದಿರ ಜತೆ ಒಂದೇ ಮಂಚದಲ್ಲಿ ಒರಗಿ ಔತಣ ಉಣ್ಣುತ್ತಿದ್ದರು. ಇದನ್ನು ಕೇಳಿದ ಗ್ರೀಕರು ಮೂಗು ಮುರಿದು ಬಾಯಿಗೆ ಬಂದಂತೆ ಬರೆದಿಟ್ಟರಂತೆ. ಗಂಡನ ಪಕ್ಕದಲ್ಲಿ ಕೂತು ಒಂದು ಹೊತ್ತು ಉಂಡರೆ ಊರವರಿಗೆ ಹೊಟ್ಟೆನೋವು! ಎಲ್ಲ ಕಾಲದಲ್ಲೂ ಇದ್ದದ್ದೇ. ಈ ಓಲೆ ಅಂಥ ಒಬ್ಬ ಹೆಂಗಸಿನ ಗೋರಿಯಲ್ಲಿ ಸಿಕ್ಕಿದ್ದು, ಎರಡೂವರೆ ಸಾವಿರ ವರ್ಷಕ್ಕಿಂತ ಹಳೆಯದು.

ಕೆಲಸ ಏನೆಂದರೆ, ಎಟ್ರುಸ್ಕನ್ ಕೋಣೆಯಲ್ಲಿ ಒಂದು ಮುಟ್ಟಿ ನೋಡುವ ಮೇಜು ಬರಲಿತ್ತು, ಕಣ್ಣು ಕಾಣದವರಿಗಾಗಿ. ಅಸಲಿ ಓಲೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಪ್ರಿಂಟರಿನಲ್ಲಿ ಹೊಡೆದ ಪ್ಲಾಸ್ಟಿಕ್ ಪ್ರತಿ ಆಗಲೇ ತಯಾರಿತ್ತು. ಕ್ಯುರೇಟರಿಗೆ ಅದು ಬೇಡವಾಗಿತ್ತು, ಅದಕ್ಕೇ ಅಕ್ಕಸಾಲಿಗಳನ್ನು ಹುಡುಕಿ ಕರೆಸುತ್ತಿದ್ದಳು. ಚಿನ್ನದಲ್ಲಿ, ಕೈಯಲ್ಲಿ, ಬೆಸುಗೆಯಿಲ್ಲದೆ ಯಾರಾದರೂ ಮಾಡಿಕೊಟ್ಟರೆ ಅದನ್ನೇ ಇಡುವುದು, ಅಕ್ಟೋಬರ್ ಮುಗಿಯುವುದರೊಳಗೆ ಆಗದಿದ್ದರೆ ಪ್ಲಾಸ್ಟಿಕ್. ಕ್ಷ-ಕಿರಣ ಯಂತ್ರ ಬೆಸುಗೆಯ ಲೋಹ ಇದೆಯೇ ಎಂದು ಹೇಳುತ್ತದೆ, ಸೂಕ್ಷ್ಮದರ್ಶಕ ಕಾಳಿನ ಬುಡ ತೋರಿಸುತ್ತದೆ. ಆಮೇಲೆ ಕಣ್ಣು ಕಾಣದ ಒಬ್ಬ ಪರೀಕ್ಷಕಿ ಬೆರಳಿಟ್ಟು ತೀರ್ಮಾನ ಹೇಳುತ್ತಾರೆ.

"ಆಗುತ್ತದೆ" ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ. ಅಂಗಡಿಯಲ್ಲಿ ನನ್ನ ಪಾಲಿಗೆ ಬರುವುದು ಉಂಗುರ ಸಡಿಲ ಮಾಡುವುದು, ಕಳಚಿದ ಕಲ್ಲು ಕೂರಿಸುವುದು. ಒಂದು ಇಡೀ ಒಡವೆ ಮಾಡಿಕೊಡು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ನನಗೆ ಆ ಕೆಲಸ ಬೇಕಿತ್ತು. ಹಸಿದವಳಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ಹತ್ತಿರದ ಪ್ಲೆಸೆಂಟನ್ ಊರಿನಲ್ಲಿ ನನ್ನ ಚಿಕ್ಕಪ್ಪ ಇದ್ದಾರೆ, ಮಗ ಸೊಸೆಯ ಜತೆ. ಎಂಬತ್ತೊಂದು ವರ್ಷ. ಉಡುಪಿಯಲ್ಲಿ ಅವರ ರವೆ ಕೆಲಸಕ್ಕೆ ಹೆಸರಿತ್ತು. ಈಗ ಕೈ ನಡುಗುತ್ತದೆ, ಕಾಳು ಎತ್ತಲಾಗುವುದಿಲ್ಲ, ಬಾಯಿಗೆ ಮಾತ್ರ ಒಂದಿಷ್ಟೂ ನಡುಕವಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ರವೆ ಆರಿಸಿ ಕೊಡಬಹುದಿತ್ತು, ಅಗ್ಗಿಷ್ಟಿಕೆಯ ಮುಂದೆ ಕೂರುವಂತಿರಲಿಲ್ಲ. ನಾನು ಬೆಂಕಿ ಹಿಡಿದದ್ದು ಈ ದೇಶಕ್ಕೆ ಬಂದಮೇಲೆ, ಸಂಜೆಯ ಕ್ಲಾಸಿನಲ್ಲಿ. ಚಿಕ್ಕಪ್ಪ ಅದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿದವರೇ ಅಲ್ಲ. ಆದರೂ ಶನಿವಾರ ಅವರು ಹಳೆಯ ಉಪಕರಣಗಳನ್ನಿಟ್ಟುಕೊಂಡಿದ್ದ ಗರಾಜಿಗೇ ಹೋದೆ, ಏಕೆಂದರೆ ರವೆ ಮಾಡಲು ಗೊತ್ತಿದ್ದ ಇನ್ನೊಬ್ಬರನ್ನು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಲ್ಲಿ ನಾನು ಕಂಡಿರಲಿಲ್ಲ.

"ಬೆಸುಗೆ ಇಲ್ಲದೆ ರವೆ ನಿಲ್ತದಾ? ನಿಂಗೆ ಮಂಡೆ ಸಮ ಉಂಟಾ?" ಅಂದರು.

"ನಾನೇ ಕಣ್ಣಾರೆ ನೋಡಿದೆ ಚಿಕ್ಕಪ್ಪ."

"ಎಂತ ನೋಡಿದ್ದು? ಬೆಸುಗೆ ಹಾಕಿದ್ದಾರೆ, ಇವರಿಗೆ ಕಾಣ್ಲಿಲ್ಲ, ಅಷ್ಟೆ. ಒಳ್ಳೆ ಅಕ್ಕಸಾಲಿ ಹಾಕಿದ ಬೆಸುಗೆ ಕಾಣುದಿಲ್ಲ ಮಾರಾಯ್ತಿ."

ಅವರ ಮಾತೇ ಸರಿಯಿರಬಹುದು ಎಂದುಕೊಂಡೆ. ರವೆ ಮಾಡಿಕೊಂಡೆವು. ಚಿನ್ನದ ತಂತಿಯನ್ನು ಚೂರು ಚೂರಾಗಿ ಕತ್ತರಿಸಿ, ಇದ್ದಿಲ ಪುಡಿಯೊಳಗೆ ಪದರ ಪದರವಾಗಿ ಹರಡಿ, ಮೂಸೆಯನ್ನು ಕೆಂಪಗೆ ಕಾಯಿಸಿದರೆ ಒಂದೊಂದು ಚೂರೂ ಕರಗಿ ತಾನಾಗಿ ಉಂಡೆಯಾಗುತ್ತದೆ. ಇದ್ದಿಲು ಅವು ಒಂದಕ್ಕೊಂದು ಅಂಟದ ಹಾಗೆ ತಡೆಯುತ್ತದೆ. ತೊಳೆದು ಜರಡಿ ಹಿಡಿದು ಒಂದೇ ಗಾತ್ರದವನ್ನು ಆರಿಸಿದೆ. ಬೆಸುಗೆಯನ್ನು ಅರದಿಂದ ತೇಯ್ದು ಪೌಡರಿನಷ್ಟು ನಯ ಮಾಡಿ, ಬಿಳಿಗಾರದ ಜತೆ ಕಾಳಿನ ಮೇಲೆ ಉದುರಿಸಿ, ಬೆಂಕಿ ಕೊಟ್ಟೆ. ಚೆನ್ನಾಗಿಯೇ ಬಂತು. ಚಿಕ್ಕಪ್ಪ ಭೂತಗನ್ನಡಿ ಹಿಡಿದು "ಆಗ್ಬಹುದು" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಜುಲೈಯಲ್ಲಿ ಆ ಮಾದರಿ ತಗಡನ್ನು ಹಿಡಿದುಕೊಂಡು ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆ. ಪರೀಕ್ಷಕಿ ಎತ್ತರದ, ನರೆತ ಕೂದಲಿನ ಹೆಂಗಸು, ನಲವತ್ತು ದಾಟಿದ ಮೇಲೆ ಕಣ್ಣು ಹೋದದ್ದಂತೆ. ಪಿಯಾನೊ ಶ್ರುತಿ ಮಾಡುವುದು ಅವರ ವೃತ್ತಿ. ತಗಡಿನ ಮೇಲೆ ತೋರುಬೆರಳನ್ನು ಒಂದು ಸಲ ಆಡಿಸಿ ಇಳಿಸಿಟ್ಟರು.

"ಒದ್ದೆ ಮರಳಿನ ಹಾಗಿದೆ. ಒಂದಕ್ಕೊಂದು ಮೆತ್ತಿಕೊಂಡಿದೆ. ಪ್ಲಾಸ್ಟಿಕ್ಕೂ ಹೀಗೇ ಇತ್ತು" ಅಂದರು.

ಸೂಕ್ಷ್ಮದರ್ಶಕ ಅದನ್ನೇ ಹೇಳಿತು: ಪ್ರತಿ ಕಾಳಿನ ಬುಡದಲ್ಲೂ ಬೆಸುಗೆಯ ಕೊಚ್ಚೆ. ಅವಮಾನವಾಯಿತು. ಹೆಚ್ಚು ಉರಿದದ್ದು ಯಾಕೆಂದರೆ ಅವರು ಹೇಳಿದ್ದು ನಿಜವಾಗಿತ್ತು. ಕ್ಯುರೇಟರ್ ಮೆತ್ತಗೆ, ಸಮಯ ಇದೆ, ಆದರೆ ಬಹಳ ಇಲ್ಲ ಎಂದು ಹೇಳಿ ಒಂದು ಲೇಖನದ ಪ್ರತಿ ಕೈಗಿತ್ತಳು.

ಆ ಲೇಖನದ ಸಾರ ಇಷ್ಟು. ಇಂಥ ಒಡವೆಗಳಲ್ಲಿ ಕಾಳು ತಗಡನ್ನು ಮುಟ್ಟುವ ಚುಕ್ಕೆಯಲ್ಲಿ ಒಂದಿಷ್ಟು ತಾಮ್ರ ಹೆಚ್ಚಿರುತ್ತದೆ. ತಾಮ್ರವೂ ಚಿನ್ನವೂ ಸೇರುವ ಜಾಗ, ಎರಡೂ ಬಿಡಿಬಿಡಿಯಾಗಿ ಕರಗುವ ಶಾಖಕ್ಕಿಂತ ಮೊದಲೇ ಕರಗಿಬಿಡುತ್ತದೆ. ಆದ್ದರಿಂದ ತಾಮ್ರದ ಹಸಿರು ಅದಿರನ್ನು ಅರೆದು, ಅಂಟಿನಲ್ಲಿ ಕಲಸಿ, ಕಾಳುಗಳನ್ನು ಅದರಿಂದ ಕೂರಿಸಿ ಕಾಯಿಸಬೇಕು. ಅಂಟು ಸುಟ್ಟು ಇದ್ದಿಲಾಗುತ್ತದೆ, ಅದಿರು ತಾಮ್ರವಾಗುತ್ತದೆ, ಕಾಳು ಹಿಡಿಯುತ್ತದೆ. ಓದಲು ಹತ್ತು ನಿಮಿಷ. ಮಾಡಲು ಹೋದರೆ ಆಗಸ್ಟ್ ತಿಂಗಳು ಪೂರ್ತಿ ಸಾಲಲಿಲ್ಲ.

ಮೊದಲ ತಂಟೆ ಅಂಟಿನದು. ಚಿಕ್ಕಪ್ಪ ಗುಲಗಂಜಿಯನ್ನು ಕಲ್ಲಿನ ಮೇಲೆ ನೀರಿನಲ್ಲಿ ತೇಯ್ದು ಬರುವ ಗಂಧವನ್ನೇ ಅಂಟಾಗಿ ಬಳಸುತ್ತಿದ್ದರು. ಊರಲ್ಲಿ ಎಲ್ಲರೂ ಅದನ್ನೇ ಬಳಸುವುದು. ಅವರ ಉಪಕರಣಗಳ ಡಬ್ಬಿಯಲ್ಲಿ ಒಂದು ಹಿಡಿ ಇತ್ತು. ನಾನು ಮಹಾ ಪ್ರಾಮಾಣಿಕಳು, ಮ್ಯೂಸಿಯಂ ಕೊಟ್ಟ ಸಾಮಗ್ರಿಗಳ ಫಾರಂನಲ್ಲಿ ಗುಲಗಂಜಿಯ ಹೆಸರನ್ನು ಶಾಸ್ತ್ರೀಯವಾಗಿ ಬರೆದು ಕಳಿಸಿದೆ. ಮರುದಿನ ಬೆಳಿಗ್ಗೆಯೇ ಕ್ಯುರೇಟರಿನ ಫೋನು. ಒಂದು ಬೀಜ ಅಗಿದು ನುಂಗಿದರೆ ಮನುಷ್ಯ ಸಾಯಬಹುದಂತೆ, ಮುಟ್ಟಿ ನೋಡುವ ಮೇಜಿನ ಹತ್ತಿರಕ್ಕೂ ಅದು ಬರಕೂಡದಂತೆ. ಮಾಡಿದ ಮೂರು ಮಾದರಿಗಳನ್ನು ತಿಪ್ಪೆಗೆ ಹಾಕಿದ ಹಾಗಾಯಿತು.

"ಐವತ್ತು ವರ್ಷ ತೇಯ್ದಿದ್ದೇನೆ, ನಾನು ಸತ್ತೆನಾ?" ಚಿಕ್ಕಪ್ಪ ಸಿಡಿದರು.

"ನೀವು ತಿನ್ಲಿಲ್ಲ ಚಿಕ್ಕಪ್ಪ."

"ಅವರು ಮ್ಯೂಸಿಯಮ್ಮಿಗೆ ಬರುದು ತಿನ್ಲಿಕ್ಕಾ?"

ಅವರ ಸೊಸೆ, ನನ್ನ ತಮ್ಮನ ಹೆಂಡತಿ, ಮೈಸೂರಿನವಳು. ಅವಳು ಬಾಗಿಲಿಂದಲೇ "ಕಾಮಕಸ್ತೂರಿ ನೆನೆಸಿದ್ರೆ ಲೋಳೆ ಲೋಳೆ ಬರತ್ತಲ್ಲ ಅಕ್ಕ, ಫಾಲೂದಕ್ಕೆ ಹಾಕ್ತೀವಲ್ಲ, ಅದಾಗಲ್ವಾ?" ಅಂದಳು. ಇಂಡಿಯನ್ ಗ್ರೋಸರಿಯಿಂದ ಒಂದು ಪೊಟ್ಟಣ ತಂದು, ನೆನೆಸಿ, ಬಟ್ಟೆಯಲ್ಲಿ ಹಿಂಡಿದೆ. ಗುಲಗಂಜಿಗಿಂತ ಚೆನ್ನಾಗಿ ಹಿಡಿಯಿತು! ಚಿಕ್ಕಪ್ಪನಿಗೆ ಮಾತ್ರ ಅದು ಸೊಸೆಯ ಅಡುಗೆಮನೆ ಅಕ್ಕಸಾಲೆಯೊಳಕ್ಕೆ ನುಗ್ಗಿದ ಹಾಗೆ ಕಂಡಿತು.

ಎರಡನೆಯ ತಂಟೆ ಬೆಂಕಿಯದು. ಅಂಗಡಿಯಿಂದ ತಂದ ಗ್ಯಾಸ್ ಟಾರ್ಚಿನ ಉರಿ ಹರಿತ. ಅದರಲ್ಲಿ ಆಮ್ಲಜನಕ ಹೆಚ್ಚು, ಅದಿರು ತಾಮ್ರವಾಗುವ ಮೊದಲೇ ಕಪ್ಪು ಹೊದಿಕೆ ಹಾಕಿಕೊಂಡು ಕೂತುಬಿಡುತ್ತಿತ್ತು. ಚಿನ್ನ ಹಾಳುಮಾಡುವುದು ಬೇಡವೆಂದು ತಾಮ್ರದ ತಗಡಿನ ತುಂಡುಗಳ ಮೇಲೆ ದಿನಕ್ಕೆ ಐದಾರು ಸಲ ಅಭ್ಯಾಸ ಮಾಡುತ್ತಿದ್ದೆ. ಕಪ್ಪಾದ ತುಂಡುಗಳನ್ನು ಹುಣಸೆ ನೀರಿನಲ್ಲಿ ಕುದಿಸಿ ಶುದ್ಧ ಮಾಡುವುದು, ಮತ್ತೆ ಸುಡುವುದು, ಮತ್ತೆ ಕುದಿಸುವುದು. ಹುಣಸೆ ನೀರಿನ ಪಾತ್ರೆ ಗರಾಜಿನ ಒಲೆಯ ಮೇಲೆ ಕಾಯಂ ಕೂತಿತ್ತು. ವಾರಗಟ್ಟಲೆ ಬದಲಾಯಿಸದೆ ನೀರು ಕಪ್ಪುಹಸಿರಿಗೆ ತಿರುಗಿತ್ತು.

ಕೊನೆಗೆ ಚಿಕ್ಕಪ್ಪನೇ ಊದುಗೊಳವೆ ತೆಗೆದುಕೊಟ್ಟರು. ಹಿತ್ತಾಳೆಯದು, ತುದಿ ಬಾಗಿದ್ದು. ದೀಪದ ಉರಿಯನ್ನು ಅದರಿಂದ ಊದಿ ಇದ್ದಿಲ ಮೇಲಿಟ್ಟ ಚಿನ್ನದತ್ತ ಬಾಗಿಸಬೇಕು. ಉರಿ ಮೆತ್ತಗೆ, ಹಳದಿಯಾಗಿ, ಒಂದಿಷ್ಟು ಹೊಗೆಯಾಡುತ್ತಲೇ ಇರಬೇಕು. ಉಸಿರು ಎಲ್ಲೂ ತುಂಡಾಗಬಾರದು: ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಕೆನ್ನೆ ಒತ್ತಿ ಊದುತ್ತಲೇ ಮೂಗಿನಿಂದ ಉಸಿರು ಎಳೆಯಬೇಕು. ಮೊದಲ ವಾರ ತಲೆ ಸುತ್ತಿ ಎರಡು ಸಲ ಗರಾಜಿನ ನೆಲದ ಮೇಲೇ ಕೂತೆ. "ಉಸಿರು ಕಡಿಬೇಡ, ಕಡಿಬೇಡ" ಎಂದು ಚಿಕ್ಕಪ್ಪ ಮಡಿಸುವ ಕುರ್ಚಿಯಲ್ಲಿ ಕೂತು ಕೂಗುತ್ತಿದ್ದರು. ಹೆಣ್ಣುಮಗಳ ಕೈಗೆ ಊದುಗೊಳವೆ ಕೊಟ್ಟದ್ದು ಅವರಿಗೆ ಮರೆತೇ ಹೋಗಿತ್ತೋ ಏನೋ. ನಾನು ನೆನಪು ಮಾಡಲು ಹೋಗಲಿಲ್ಲ.

ಅಷ್ಟರಲ್ಲಿ ಬೆಟ್ಟಗಳ ಕಡೆ ಎಲ್ಲೋ ಕಾಡು ಹೊತ್ತಿಕೊಂಡು ಆಕಾಶ ಕಂದಿತು. ಮನೆಗಳಲ್ಲಿ ಯಾರೂ ಸೌದೆ, ಇದ್ದಿಲು ಸುಡಬಾರದೆಂದು ಫೋನಿಗೆ ದಿನವೂ ಸಂದೇಶ. ಎರಡು ವಾರ ಕೈಕಟ್ಟಿ ಕೂತೆ. ಮತ್ತೆ ಶುರು ಮಾಡಿದ ದಿನ ಪಕ್ಕದ ಮನೆಯಾಕೆ ಬಂದು, ಬಾರ್ಬೆಕ್ಯೂನಾ, ಬೆಳಿಗ್ಗೆ ಒಂಬತ್ತಕ್ಕೇ ಎಂದು ವಿಚಾರಿಸಿದಳು. ತಮ್ಮನ ಹೆಂಡತಿ ಹಲ್ಲು ಕಚ್ಚಿ ನಗುತ್ತ "ಯೆಸ್, ಫ್ಯಾಮಿಲಿ ರೆಸಿಪಿ" ಅಂದಳು.

ಸೆಪ್ಟೆಂಬರ್ ಕೊನೆಗೆ ಲೆಕ್ಕ ಹಾಕಿದರೆ ನನ್ನ ಹತ್ತಿರ ಇದ್ದದ್ದು ನಾಲ್ಕು ಶನಿವಾರ, ನಾಲ್ಕು ಭಾನುವಾರ. ಉರಿ ಕೈಗೆ ಬಂದಿತ್ತು, ಕಾಳುಗಳೂ ಹಿಡಿಯುತ್ತಿದ್ದವು, ಆದರೆ ಒಂದು ಹಿಡಿದರೆ ಪಕ್ಕದ ಎರಡು ಬಿಡುತ್ತಿದ್ದವು. ಅದಿರಿನ ಪುಡಿಯನ್ನು ಎಷ್ಟು ನಯವಾಗಿ ಅರೆದರೂ ಅಂಟಿನೊಳಗೆ ಅದು ಗುಂಪುಗೂಡುತ್ತಿತ್ತು. ಪುಡಿ ಹೆಚ್ಚಾದ ಕಡೆ ಕಪ್ಪು ಕಲೆ, ಕಡಿಮೆಯಾದ ಕಡೆ ಬೋಳು. "ಬೆಸುಗೆ ಹಾಕು, ಹೇಳಿದ್ದು ಕೇಳು" ಎಂದು ಚಿಕ್ಕಪ್ಪ ಜಪ ಮಾಡುತ್ತಿದ್ದರು. ಜಪ್ಪಯ್ಯ ಅಂದರೂ ನಾನು ಬಗ್ಗಲಿಲ್ಲ. ಬಗ್ಗಿದರೆ ಮೇಜಿನ ಮೇಲೆ ಪ್ಲಾಸ್ಟಿಕ್ ಕೂರುತ್ತದೆ, ನಾನು ಮತ್ತೆ ಉಂಗುರ ಸಡಿಲ ಮಾಡುತ್ತ ಕೂರುತ್ತೇನೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಶನಿವಾರ ಹೊಸದಾಗಿ ಮಾಡಿದ ರವೆಯಿಂದ ಇದ್ದಿಲ ಮಸಿ ತೊಳೆಯಬೇಕಾಗಿತ್ತು. ಅದಕ್ಕೆಂದು ಇಟ್ಟುಕೊಂಡಿದ್ದ ನೈಲಾನ್ ಜರಡಿಯನ್ನು ಹಿಂದಿನ ವಾರ ಬಿಸಿ ಇದ್ದಿಲ ಹತ್ತಿರವಿಟ್ಟು ಕರಗಿಸಿಕೊಂಡಿದ್ದೆ. ಅಡುಗೆಮನೆಯ ಕಬ್ಬಿಣದ ಹಳೆಯ, ಸಣ್ಣ ಕಣ್ಣಿನ ಟೀ ಸೋಸುವ ಜರಡಿ ಕೈಗೆ ಸಿಕ್ಕಿತು. ರವೆಯನ್ನು ಅದರಲ್ಲಿ ಹಾಕಿ, ಕುದಿಯುತ್ತಿದ್ದ ಆ ಹಳೇ ಹುಣಸೆ ನೀರಿನಲ್ಲಿ ಮುಳುಗಿಸಿಟ್ಟು, ಕಾಫಿ ಕುಡಿಯಲು ಒಳಗೆ ಹೋದೆ.

"ಅಕ್ಕಸಾಲಿ ಅಕ್ಕನ ಚಿನ್ನ ಬಿಡಲ್ಲ ಅಂತಾರೆ. ನೀವು ನನ್ನ ಟೀ ಜರಡೀನೂ ಬಿಡ್ಲಿಲ್ವಲ್ಲ ಅಕ್ಕ!" ಎಂದು ತಮ್ಮನ ಹೆಂಡತಿ ರೇಗಿಸುತ್ತಿದ್ದಳು. ಅಷ್ಟರಲ್ಲಿ ಗರಾಜಿನಿಂದ ಚಿಕ್ಕಪ್ಪನ ಕೂಗು.

ಓಡಿಹೋದೆ. ಅವರು ಜರಡಿ ಎತ್ತಿ ಹಿಡಿದಿದ್ದರು. ಹಳದಿಯಾಗಿದ್ದ ರವೆ ಇಡೀ ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಥೂ! ಚಿನ್ನ ಕೆಡಿಸಿದಿ! ಹುಣಸೆ ನೀರಿಗೆ ಕಬ್ಬಿಣ ಹಾಕ್ತಾರಾ ಯಾರಾದ್ರೂ? ಸಣ್ಣ ಮಕ್ಕಳಿಗೂ ಗೊತ್ತುಂಟು!"

ಗೊತ್ತಿತ್ತು, ನನಗೂ ಗೊತ್ತಿತ್ತು. ತಾಮ್ರ ಕರಗಿರುವ ಹುಳಿನೀರಿಗೆ ಕಬ್ಬಿಣ ಬಿದ್ದರೆ ಆ ತಾಮ್ರವೆಲ್ಲ ಒಳಗಿರುವ ಚಿನ್ನಕ್ಕೆ ಪೊರೆಯಾಗಿ ಹತ್ತುತ್ತದೆ. ನಮ್ಮ ಕಸುಬಿನಲ್ಲಿ ಇದು ಮೊದಲ ದಿನದ ಪಾಠ. ಕ್ಯಾಂಪ್‌ಬೆಲ್ಲಿನ ಅಂಗಡಿಯಲ್ಲಿ ಇದೇ ತಪ್ಪಿಗೆ ನಾನೇ ಇನ್ನೊಬ್ಬರಿಗೆ ಬೈದವಳು. ಮಾಡಿದರೆ ಮದ್ದು ಒಂದೇ, ಬೇರೆ ಹುಳಿಯಲ್ಲಿ ಕುದಿಸಿ, ಉಜ್ಜಿ, ತಾಮ್ರ ಬಿಡಿಸುವುದು. ಚಿಕ್ಕಪ್ಪ ಆಗಲೇ ಬೇರೆ ಪಾತ್ರೆಗೆ ನೀರು ತುಂಬಿಸುತ್ತಿದ್ದರು.

ಜರಡಿ ನನ್ನ ಕೈಯಲ್ಲಿತ್ತು. ಗುಲಾಬಿ ಕಾಳುಗಳನ್ನು ನೋಡುತ್ತ ನಿಂತೆ. ಎರಡು ತಿಂಗಳಿಂದ ನಾನು ಏನು ಮಾಡುತ್ತಿದ್ದೇನೆ? ಪ್ರತಿ ಕಾಳಿಗೂ ಸಮನಾಗಿ ಒಂದಿಷ್ಟು ತಾಮ್ರ ಅಂಟಿಸಲು ಹೆಣಗುತ್ತಿದ್ದೇನೆ. ಇಲ್ಲಿ ಪ್ರತಿ ಕಾಳಿಗೂ ಸಮನಾಗಿ ತಾಮ್ರ ಅಂಟಿದೆ. ಪುಡಿಯಿಲ್ಲ, ಗುಂಪಿಲ್ಲ, ಬೋಳಿಲ್ಲ.

"ತೊಳಿಬೇಡಿ ಚಿಕ್ಕಪ್ಪ."

"ಎಂತ?"

"ಹೀಗೇ ಸುಡ್ತೇನೆ."

ಅವರು ನನ್ನ ಮುಖವನ್ನೇ ನೋಡಿದರು. "ಕೆಟ್ಟ ಚಿನ್ನಕ್ಕೆ ಬೆಂಕಿ ಕೊಟ್ಟ ಅಕ್ಕಸಾಲಿ ನಮ್ಮ ಮನೆಯಲ್ಲಿ ಇಲ್ಲ" ಅಂದರು. ಪಾತ್ರೆಯ ನೀರು ಚೆಲ್ಲಿ ಒಳಗೆ ಹೋಗಿ ಟಿವಿ ಹಾಕಿಕೊಂಡರು. ಧಾರಾವಾಹಿಯ ಅಳು ಗರಾಜಿನವರೆಗೂ ಕೇಳುತ್ತಿತ್ತು. ನನಗೂ ಭಯವಾಗಿತ್ತು, ಅಷ್ಟು ರವೆ ಮಾಡಲು ಎರಡು ದಿನ ಹಿಡಿದಿತ್ತು, ಸುಟ್ಟು ಹಾಳಾದರೆ ಆ ವಾರ ಹೋಯಿತೆಂದೇ ಲೆಕ್ಕ. ಆದರೆ ತೊಳೆದರೂ ನಾನು ನಿಂತಲ್ಲೇ ನಿಂತಿರುತ್ತೇನೆ. ಕೂತೆ.

ಚಿನ್ನದ ಸಣ್ಣ ತಗಡಿನ ಮೇಲೆ ಕಾಮಕಸ್ತೂರಿ ಲೋಳೆ ತೆಳ್ಳಗೆ ಬಳಿದು, ಒಂಟಿ ಕೂದಲಿನಂಥ ಕುಂಚದ ತುದಿಯಿಂದ ಒಂದೊಂದೇ ಕಾಳು ಎತ್ತಿ ಮೂರು ಸಾಲು ಕೂರಿಸಿದೆ. ಪೂರ್ತಿ ಒಣಗಲು ಬಿಟ್ಟೆ. ಒಳಗೆ ತೇವ ಉಳಿದರೆ ಕುದಿದು ಕಾಳು ಹಾರುತ್ತದೆ. ದೀಪ ಹಚ್ಚಿ, ಕೆನ್ನೆ ತುಂಬಿಕೊಂಡು ಊದತೊಡಗಿದೆ. ಲೋಳೆ ಕಪ್ಪಾಯಿತು. ತಗಡು ಮಂಕು ಕೆಂಪಾಯಿತು, ಆಮೇಲೆ ಚೆರ್ರಿ ಹಣ್ಣಿನ ಕೆಂಪು. ಆಗ ಒಂದು ಮಿಂಚು ಕಾಳುಗಳ ಮೇಲೆ ಈ ತುದಿಯಿಂದ ಆ ತುದಿಗೆ ಹಾದುಹೋಯಿತು, ನೀರಿನ ಮೇಲೆ ಗಾಳಿ ಹಾದಂತೆ. ಬಾಯಿ ತೆಗೆದೆ. ಉರಿ ಬಿದ್ದುಹೋಯಿತು.

ತಣ್ಣಗಾದ ಮೇಲೆ ಸೂಜಿಯಿಂದ ಒಂದು ಕಾಳನ್ನು ಒತ್ತಿದೆ. ಅಲ್ಲಾಡಲಿಲ್ಲ. ಜೋರಾಗಿ ಒತ್ತಿದೆ. ಸೂಜಿ ಬಾಗಿತು. ಗುಲಾಬಿ ಬಣ್ಣ ಚಿನ್ನದೊಳಗೆ ಇಂಗಿ ಮಾಯವಾಗಿತ್ತು, ಬುಡದಲ್ಲಿ ಕೆಸರಿರಲಿಲ್ಲ. ನಾನು ಗರಾಜಿನಲ್ಲಿ ಒಬ್ಬಳೇ ಎದ್ದು ನಿಂತು ಎರಡೂ ಕೈ ಎತ್ತಿ ಕುಣಿದೆ. ಐವತ್ತಾರು ವರ್ಷದ ಹೆಂಗಸು! ಬಟ್ಟೆ ಒಗೆಯುವ ಯಂತ್ರದ ಹತ್ತಿರ ಬಂದಿದ್ದ ತಮ್ಮನ ಹೆಂಡತಿ ನೋಡಿ, "ಅಕ್ಕಾ, ಆಯ್ತಾ?" ಎಂದವಳು ತಾನೂ ಕುಣಿದಳು. ಅವಳನ್ನು ಅಪ್ಪಿಕೊಂಡು ಅತ್ತೆ, ನಾಚಿಕೆಯಾಗಲಿಲ್ಲ. ಚಿಕ್ಕಪ್ಪನಿಗೆ ತಗಡನ್ನು ಒಯ್ದು ತೋರಿಸಿದೆ. ಟಿವಿಯಿಂದ ಕಣ್ಣು ತೆಗೆಯದೆ, "ನಾಳೆಗೆ ಉದುರ್ತದೆ" ಅಂದರು.

ನಾಳೆಗೆ ಉದುರಲಿಲ್ಲ. ಆದರೆ ಮಾದರಿ ತಗಡು ಬೇರೆ, ಓಲೆ ಬೇರೆ. ಓಲೆಯ ಮುಖ ಬಾಗಿದ್ದು, ಕಾಳು ಜಾರುತ್ತದೆ, ತಗಡು ಒಂದೊಂದು ಕಡೆ ಒಂದೊಂದು ವೇಗದಲ್ಲಿ ಕಾಯುತ್ತದೆ. ಅಕ್ಟೋಬರಿನ ಎರಡನೇ ವಾರದಿಂದ ಅಂಗಡಿಗೆ ರಜೆ ಹಾಕಿ ದಿನವೂ ಪ್ಲೆಸೆಂಟನ್ನಿಗೆ ಡ್ರೈವ್ ಮಾಡಿದೆ, ಫ್ರೀವೇ ತುಂಬ ಆಫೀಸಿನವರ ಸಾಲಿನಲ್ಲಿ. ಕ್ಯುರೇಟರ್ ಕೊಟ್ಟ ದೊಡ್ಡ ಫೋಟೊಗಳನ್ನು ಗೋಡೆಗೆ ಅಂಟಿಸಿಕೊಂಡಿದ್ದೆ. ದಿನಗಟ್ಟಲೆ ನೋಡುತ್ತ ಒಂದು ಸಂಗತಿ ಕಂಡಿತು. ಕೆಳಗಿನ ಬಲ ಮೂಲೆಯಲ್ಲಿ ಸಾಲು ಇದ್ದಕ್ಕಿದ್ದಂತೆ ದಪ್ಪವಾಗುತ್ತದೆ. ಅಲ್ಲಿನ ಕಾಳುಗಳು ಉಳಿದವಕ್ಕಿಂತ ಒಂದು ಅಳತೆ ದೊಡ್ಡವು. ಅವನೋ ಅವಳೋ, ಆ ಕೆಲಸಗಾರರ ಹತ್ತಿರ ಸಣ್ಣ ರವೆ ಮುಗಿದಿದೆ, ಹೊಸತು ಮಾಡುವಷ್ಟು ಪುರುಸೊತ್ತಿಲ್ಲ, ಇದ್ದದ್ದನ್ನೇ ಕೂರಿಸಿ ಮುಗಿಸಿದ್ದಾರೆ. ಅವರ ಗೋರಿಗಳು, ಔತಣಗಳು, ಕುರಿಯ ಯಕೃತ್ತಿನಲ್ಲಿ ಓದಿದ ಭವಿಷ್ಯ, ಇದೆಲ್ಲ ನನಗೆ ಕೇಳಿದ ಕಥೆಯಷ್ಟೇ. ಆ ಮೂಲೆ ಮಾತ್ರ ನನಗೆ ಅರ್ಥವಾಯಿತು. ಸರಿಮಾಡಲು ಕೈ ತುರಿಸಿತು, ಮಾಡಲಿಲ್ಲ. ದೊಡ್ಡ ಕಾಳುಗಳನ್ನೇ ಆರಿಸಿ ಅದೇ ಮೂಲೆಗೆ ಇಟ್ಟೆ.

ಮೊದಲ ಓಲೆಯ ಮುಖವನ್ನು ಆರು ದಿನ ಕೂರಿಸಿದೆ. ಏಳನೆಯ ದಿನ ಬೆಂಕಿ ಕೊಟ್ಟೆ, ಮಿಂಚು ಬಂತು, ಎಡ ಅಂಚಿಗೆ ಇನ್ನೂ ತಲುಪಿಲ್ಲವೆಂದು ಒಂದೇ ಒಂದು ಉಸಿರು ಹೆಚ್ಚು ಊದಿದೆ. ಸಾಲುಗಳೆಲ್ಲ ಕಣ್ಣೆದುರೇ ಕುಸಿದು ಒಂದು ಹೊಳೆಯುವ ಗಟ್ಟಿಯಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ನಿಮಿಷವೂ ಹಿಡಿಯಲಿಲ್ಲ.

ಉಳಿದದ್ದು ಒಂಬತ್ತು ದಿನ. ಅಳಲಿಲ್ಲ, ಅಳಲು ವ್ಯವಧಾನವಿರಲಿಲ್ಲ. ಗಟ್ಟಿಯನ್ನೇ ಬಡಿದು ಹೊಸ ತಗಡು ಮಾಡಿ, ಮತ್ತೆ ತಂತಿ ಎಳೆದು, ಕತ್ತರಿಸಿ, ಹೊಸ ರವೆ ಮಾಡಿ, ಅದನ್ನೂ ಟೀ ಜರಡಿಯಲ್ಲಿ ಹುಣಸೆ ನೀರಿಗಿಳಿಸಿ ಗುಲಾಬಿ ಮಾಡಿಕೊಂಡೆ. ಈ ಸಲ ಓಲೆಯ ಅಡಿಯಲ್ಲಿ ಇದ್ದಿಲನ್ನು ಅದರ ಬಾಗಿಗೆ ತಕ್ಕಂತೆ ಕೊರೆದು ತೊಟ್ಟಿಲ ಹಾಗೆ ಮಾಡಿ, ಅಡಿಯಿಂದಲೇ ಮೊದಲು ಕಾಯಿಸಿ, ಮೇಲಿನ ಉರಿಯನ್ನು ಕೊನೆಗೆ ಕೊಟ್ಟೆ. ಮಿಂಚು ಎರಡೂ ಅಂಚಿಗೆ ಒಟ್ಟಿಗೆ ತಲುಪಿತು. ಉಸಿರು ನಿಲ್ಲಿಸಿದೆ. ಚಿಕ್ಕಪ್ಪ ಆ ವಾರವಿಡೀ ಗರಾಜಿಗೆ ಬಂದಿರಲಿಲ್ಲ, ಬಾಗಿಲು ಮಾತ್ರ ದಿನವೂ ಅರ್ಧ ತೆರೆದಿರುತ್ತಿತ್ತು. ಓಲೆಯನ್ನು ಅವರ ಅಂಗೈಗೆ ಇಟ್ಟೆ. ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಮೂಲೆಯ ದಪ್ಪ ಕಾಳುಗಳನ್ನು ತೋರಿಸಿ "ಇಲ್ಲಿ ಸೊಟ್ಟ ಉಂಟು" ಅಂದರು. ಅಷ್ಟೇ.

ಗಡುವಿನ ಹಿಂದಿನ ದಿನ ಮ್ಯೂಸಿಯಂ. ಕ್ಷ-ಕಿರಣ ಬೆಸುಗೆ ಇಲ್ಲವೆಂದಿತು. ಕ್ಯುರೇಟರ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಲೇ ಇಲ್ಲ. ನಾನು ಮಾಡಿದ ರೀತಿಯನ್ನೆಲ್ಲ ಹೇಳಿದೆ, ಟೀ ಜರಡಿಯನ್ನೂ ಬಿಡದೆ. ಎಟ್ರುಸ್ಕನ್ನರು ಹೀಗೆಯೇ ಮಾಡಿದರು ಅಂತ ಬರೆಯಲಾಗದು, ಹೀಗೂ ಆಗುತ್ತದೆ ಅಂತ ಮಾತ್ರ ಬರೆಯಬಹುದು ಎಂದಳು. ಅದು ನ್ಯಾಯವೇ. ನನಗಿಂತ ಮೊದಲೇ ಯಾರೋ ಎಲ್ಲೋ ಇದೇ ತಪ್ಪು ಮಾಡಿ ಇದನ್ನೇ ಕಂಡುಕೊಂಡಿರಲೂಬಹುದು.

ಆಮೇಲೆ ಪರೀಕ್ಷಕಿ. ಓಲೆ ಕೈಗೆ ತೆಗೆದುಕೊಂಡರು, ಈ ಸಲ ಇಳಿಸಲಿಲ್ಲ. ತೋರುಬೆರಳಿನ ಉಗುರನ್ನು ಒಂದು ಸಾಲಿನ ಮೊದಲಿಗೆ ಇಟ್ಟು, ಓಲೆಯನ್ನು ಕಿವಿಯ ಹತ್ತಿರ ಹಿಡಿದು, ನಿಧಾನವಾಗಿ ಎಳೆದರು. ತುಟಿ ಅಲ್ಲಾಡುತ್ತಿತ್ತು. ಒಂದೊಂದೇ ಕಾಳು ಎಣಿಸುತ್ತಿದ್ದರು. ಸಾಲಿನ ಕೊನೆಯಲ್ಲಿ ಅವರ ಉಗುರು ತಡೆಯಿತು.

"ಇಲ್ಲಿಂದ ಕಾಳು ದಪ್ಪ. ಅಂದಿನ ಅಕ್ಕಸಾಲಿಯ ಹತ್ತಿರ ಸಣ್ಣದು ಮುಗಿದುಹೋಗಿತ್ತಾ?" ಎಂದು ಕೇಳಿದರು.

ಹೌದು ಎಂದೆ. ಅವರು ನಕ್ಕು, ಪ್ಲಾಸ್ಟಿಕ್ ತೆಗೆದಿಡಿ ಎಂದು ಕ್ಯುರೇಟರಿಗೆ ಹೇಳಿದರು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೊರಡುತ್ತಿದ್ದಾಗ ಫೋನು. ಚಿಕ್ಕಪ್ಪ. ಅವರಾಗಿ ನನಗೆ ಯಾವತ್ತೂ ಫೋನು ಮಾಡಿದವರಲ್ಲ. ಮ್ಯೂಸಿಯಂ ಒಪ್ಪಿಕೊಂಡ ಸುದ್ದಿ ಸೊಸೆಯಿಂದ ತಿಳಿದಿರುತ್ತದೆ. ಆ ಮಾತು ಎತ್ತಬಹುದೆಂದು ಕಾದೆ. ಎತ್ತಲಿಲ್ಲ. ಸ್ವಲ್ಪ ಹೊತ್ತು ಕೆಮ್ಮಿದರು. ಹಿಂದಿನಿಂದ ಪಾತ್ರೆಯಲ್ಲಿ ಏನೋ ಕುದಿಯುವ ಸದ್ದು.

"ಹುಣಸೆಹುಳಿ ಎಷ್ಟು ಹಾಕಿದ್ದಿ?" ಎಂದು ಕೇಳಿದರು. "ನಂಗೆ ಬಣ್ಣ ಬರುದಿಲ್ಲ."

ಕಾರಿನ ಬಾಗಿಲು ಮುಚ್ಚಿ, ಅಲ್ಲೇ ನಿಂತೆ.

"ಬರ್ಕೊಳ್ಳಿ ಚಿಕ್ಕಪ್ಪ, ಹೇಳ್ತೇನೆ" ಅಂದೆ.